ಏಳನೆಯ ಮೊಳೆ

ಹಾಜರಿ ಗುಮಾಸ್ತರು ಸುಳ್ಳು ಹೇಳುವ ಪೈಕಿ ಅಲ್ಲ. ಇಪ್ಪತ್ತೆರಡು ವರ್ಷದಿಂದ ನೂಲಿನ ಕಾರ್ಖಾನೆಯ ಗೇಟಿನ ಪಕ್ಕದ ಕಿಂಡಿಯಲ್ಲಿ ಕೂತು, ಬಂದವರ ಹೆಸರಿನ ಮುಂದೆ ಗೀಟು, ಬಾರದವರ ಹೆಸರಿನ ಮುಂದೆ ಸೊನ್ನೆ ಹಾಕುವುದು ಅವರ ಉದ್ಯೋಗ. ಆರುನೂರು ಜನರ ಹೆಸರಿರುವ ಆ ಪುಸ್ತಕದಲ್ಲಿ ಇಲ್ಲದಿರುವುದು ಅವರ ಹೆಸರು ಮಾತ್ರ. ಬರೆಯುವವನ ಹೆಸರು ಪುಸ್ತಕದಲ್ಲಿ ಇರಬಾರದೆಂದು ಯಾವ ಕಾಲದಲ್ಲೋ ಯಾರೋ ನಿಯಮ ಮಾಡಿದ್ದರು. ಅದನ್ನು ಕೇಳಲು ಇವರು ಹೋಗಲಿಲ್ಲ, ಹೇಳಲು ಯಾರೂ ಬರಲಿಲ್ಲ.

ಇಂಥವರು ಆಯುಷ್ಯದಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ. ಅದೂ ಬಾಯಿ ತಪ್ಪಿ ಬಂದದ್ದು. ಮೂರು ವರ್ಷದ ಹಿಂದೆ, ಬೆಳಗಿನ ಓಟ ಶುರುಮಾಡಿದ ಹೊಸದರಲ್ಲಿ, ಹೆಂಡತಿಯ ತಮ್ಮ ಊಟಕ್ಕೆ ಕೂತವನು, "ಏನ್ ಭಾವ, ಓಡ್ತಿದೀರಂತೆ! ಎಲ್ಲರ ಹಿಂದೆ ಏದುಸಿರು ಬಿಟ್ಕೊಂಡು ಹೋಗ್ತೀರೋ ಹೇಗೆ?" ಎಂದು ನಕ್ಕ. ಗುಮಾಸ್ತರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ಹಿಂದೆ ಯಾಕಪ್ಪಾ? ನಾನೇ ಮುಂದೆ" ಎಂದುಬಿಟ್ಟರು. ಆಡಿದ ಮಾತು, ಒಡೆದ ಮುತ್ತು. ಅಂದಿನಿಂದ ಮನೆಯಲ್ಲಿ, ಬೀದಿಯಲ್ಲಿ, ಬೀಗರಲ್ಲಿ ಅವರು ಮುಂದೆ ಓಡುವವರೆಂದೇ ಪ್ರಸಿದ್ಧರಾದರು.

ನಿಜ ಹೇಳಬೇಕೆಂದರೆ ಅವರು ಕೊನೆಯವರು. ಅವರಿಗೂ ಅವರ ಮುಂದಿನವರಿಗೂ ನಡುವೆ ಒಂದು ಎತ್ತಿನ ಗಾಡಿ ಆರಾಮಾಗಿ ತಿರುಗಬಹುದಿತ್ತು.

ಗುಂಪಿನಲ್ಲಿ ಏಳು ಜನ. ಎಲ್ಲರಿಗೂ ಮುಂದೆ ಓಡುವವರು ಗಾರ್ಡ್ ಸಾಹೇಬರು. ಮೂವತ್ತೈದು ವರ್ಷ ರೈಲುಗಾಡಿಯ ಹಿಂದಿನ ಡಬ್ಬಿಯಲ್ಲಿ ನಿಂತು ಹಸಿರು ಬಾವುಟ ತೋರಿಸಿ ನಿವೃತ್ತರಾದವರು. ಜೀವಮಾನವೆಲ್ಲ ಹಿಂದೆ ಇದ್ದೆ, ಇನ್ನಾದರೂ ಮುಂದಿರುತ್ತೇನೆ ಎಂಬ ಹಟ ಅವರದು. ಅವರ ಹಿಂದೆ ಔಷಧದಂಗಡಿ ಮೇಡಂ, ಅವರ ಹಿಂದೆ ಜೋಡಿಯಾಗಿ ಓಡುವ ಇಬ್ಬರು ಮೇಷ್ಟ್ರುಗಳು, ಆಮೇಲೆ ಲೈನ್‌ಮನ್, ಆರನೆಯವರಾಗಿ ಹೊಟ್ಟೆ ಹೊತ್ತ ಬೇಕರಿಯವರು. ಏಳನೆಯವರು ನಮ್ಮವರು, ಗುಂಪಿನಲ್ಲಿ ಗೋವಿಂದ.

ಗಾರ್ಡ್ ಸಾಹೇಬರ ಕಾನೂನು ಎರಡೇ. ಒಂದು, ಓಡುವಾಗ ಮಾತಿಲ್ಲ, ತಿರುಗಿ ನೋಡುವುದಿಲ್ಲ. ಎರಡು, ಪಾರ್ಕಿನ ಕಾವಲುಗಾರನ ಗೂಡಿನಲ್ಲಿ ಒಂದು ಹಲಗೆ, ಹಲಗೆಗೆ ಏಳು ಮೊಳೆ. ಓಡುವ ಮೊದಲು ಪ್ರತಿಯೊಬ್ಬರೂ ತಮ್ಮ ಮನೆಯ ಬೀಗದ ಕೈ ತಮ್ಮ ಮೊಳೆಗೆ ಹಾಕಬೇಕು, ಮುಗಿದ ಮೇಲೆ ತೆಗೆದುಕೊಂಡು ಹೋಗಬೇಕು. "ಮೊಳೆ ಮೇಲೆ ಕೀ ಇದೆ ಅಂದ್ರೆ ಮನುಷ್ಯ ಇನ್ನೂ ದಾರೀಲಿದಾನೆ ಅಂತ. ಕೊನೇ ಡಬ್ಬಿಯ ಕೆಂಪು ದೀಪ ದಾಟಿದ ಮೇಲೇ ಗಾಡಿ ಪೂರ್ತಿ ಬಂತು ಅಂತ ಲೆಕ್ಕ" ಎನ್ನುತ್ತಿದ್ದರು ಸಾಹೇಬರು. ಈ ಪದ್ಧತಿ ಗುಮಾಸ್ತರಿಗೆ ಪ್ರಾಣಕ್ಕಿಂತ ಹೆಚ್ಚು. ಜಗತ್ತಿನಲ್ಲಿ ಅವರ ಹಾಜರಿ ಹಾಕಿಕೊಳ್ಳುತ್ತಿದ್ದದ್ದು ಆ ಮೊಳೆಯೊಂದೇ.

ಆದರೆ ಮೂರು ವರ್ಷವಾದರೂ ಅವರ ಮುಖ ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲವೆಂದರೆ ನೀವು ನಂಬಬೇಕು. ಸೇರುವ ಹೊತ್ತಿಗೆ ಕತ್ತಲು, ಮಂಜು. ಗುಮಾಸ್ತರಿಗೆ ಶೀತದ ಭಯ. ಮಂಕಿ ಟೋಪಿ ಎಳೆದುಕೊಂಡರೆ ಕಣ್ಣೆರಡು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಓಟ ಮುಗಿಸಿ ಇವರು ಬರುವ ಹೊತ್ತಿಗೆ ಉಳಿದವರು ಕೊಳದ ಕಡೆ ಮುಖ ಮಾಡಿ ಕೈಕಾಲು ಚಾಚುತ್ತಿರುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಇವರ ಸದ್ದು. ಎಡಗಾಲು ಕೊಂಚ ಎಳೆಯುತ್ತಿತ್ತು: ಟಪ್, ಸರ್ರ್. ಟಪ್, ಸರ್ರ್. ಇವರಿಗೆ ಗೊತ್ತಿದ್ದದ್ದು ಅವರ ಆರು ಬೆನ್ನು.

ಅಂದು ಬೆಳಿಗ್ಗೆ ಜಿಟಿಜಿಟಿ ಮಳೆ. ಎರಡನೆಯ ಸುತ್ತಿನಲ್ಲಿ, ಕೊಳದ ತಿರುವಿನ ಕೆಸರಿನಲ್ಲಿ, ಗುಮಾಸ್ತರ ಎಡಗಾಲಿನ ಬೂಟಿನ ಅಟ್ಟೆ ಅರ್ಧ ಕಿತ್ತು, ತುಂಡೊಂದು ನೀರಂಚಿನಲ್ಲೇ ಉಳಿಯಿತು. ಕುಂಟುತ್ತಾ ಕಾವಲುಗಾರನ ಗೂಡಿರುವ ಮುಂದಿನ ಗೇಟಿಗೆ ಹೋಗಿ ನಾಲ್ಕು ಜನರ ಮುಂದೆ ನಗೆಪಾಟಲಾಗುವುದು ಬೇಡವೆಂದು ಅವರು ಹಿಂದಿನ ಗೇಟಿನಿಂದ ಸದ್ದಿಲ್ಲದೆ ಮನೆಗೆ ಹೋದರು. ಹಿಂದಿನ ಸಂಜೆ ಬಾಮೈದ ಬಂದಿದ್ದರಿಂದ ಮನೆಯ ಬಾಗಿಲು ತೆಗೆದೇ ಇತ್ತು. ಬೀಗದ ಕೈ ನೆನಪಾಗಲು ಕಾರಣವೇ ಇರಲಿಲ್ಲ.

"ಇವತ್ತೂ ನೀವೇ ಮೊದಲಾ ಭಾವ?" ಎಂದ ಬಾಮೈದ, ಹಲ್ಲುಜ್ಜುತ್ತಾ.

"ಮತ್ತಿನ್ನೇನು" ಎಂದರು ಗುಮಾಸ್ತರು, ಹರಿದ ಬೂಟನ್ನು ಬೆನ್ನ ಹಿಂದೆ ಮರೆಮಾಡಿ.

ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಕನ್ನಡಕ ಏರಿಸಿ, ಊಟದ ಡಬ್ಬಿ ಹಿಡಿದು ಹೊರಟವರಿಗೆ ಪಾರ್ಕಿನ ಮುಂದೆ ಜಾತ್ರೆಯಷ್ಟು ಜನ ಕಂಡರು. ಅಗ್ನಿಶಾಮಕದವರ ಕೆಂಪು ಲಾರಿ, ಪೊಲೀಸ್ ಜೀಪು. ಕೊಳದಲ್ಲಿ ಎದೆಮಟ್ಟ ಇಳಿದ ಇಬ್ಬರು ಉದ್ದನೆಯ ಬಿದಿರಿನಿಂದ ಪಾಚಿ ಕಲಕುತ್ತಿದ್ದರು.

"ಏನಾಯ್ತು ಸ್ವಾಮಿ?" ಎಂದರು ಗುಮಾಸ್ತರು, ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ಒಬ್ಬರನ್ನು.

"ಗಾರ್ಡ್ ಸಾಹೇಬರ ಗುಂಪಿನವರು ಒಬ್ಬರು ಕಾಣಿಸ್ತಿಲ್ಲ. ಎಲ್ಲರ ಹಿಂದೆ ಓಡ್ತಿದ್ರಂತೆ, ಪಾಪ. ಕೀ ಮೊಳೇಲೇ ಇದೆ. ನೀರಿನ ಹತ್ರ ಬೂಟಿನ ಚೂರು ಸಿಕ್ಕಿದೆ."

ಗುಮಾಸ್ತರು ಬೆಚ್ಚಿಬಿದ್ದು ಗುಂಪಿನತ್ತ ನೋಡಿದರು. ಒಂದು, ಎರಡು, ಮೂರು... ಆರು ಬೆನ್ನೂ ಸರಿಯಾಗಿದ್ದವು. ಹಾಗಾದರೆ ಕಾಣೆಯಾದವನು ಯಾರು? ಹಾಜರಿ ಪುಸ್ತಕದಲ್ಲಿ ಬರೆಯುವವನ ಹೆಸರು ಸೇರಿಸದೇ ಇಪ್ಪತ್ತೆರಡು ವರ್ಷ ಎಣಿಸಿ ಅಭ್ಯಾಸವಾದ ತಲೆ ಅದು. ಕೊಂಚ ಹೊತ್ತು ಯೋಚಿಸಿದ ಮೇಲೆ ಅವರಿಗೆ ಹೊಳೆದದ್ದು ಇಷ್ಟು: ಮೂರು ವರ್ಷದಿಂದ ತನ್ನ ಹಿಂದೆಯೂ ಒಬ್ಬ ಓಡುತ್ತಿದ್ದ!

ಮೊದಲು ಬಂದದ್ದು, ಹೇಳಬಾರದು, ಸಂತೋಷ. ತಾನು ಕೊನೆಯವನಲ್ಲ! ಅದರ ಹಿಂದೆಯೇ ನಾಚಿಕೆ ಬಂತು. ಮೂರು ವರ್ಷದಲ್ಲಿ ಒಂದು ದಿನವಾದರೂ ತಿರುಗಿ ನೋಡಿದೆನೇ? ಆ ಬಡಪಾಯಿ ಬಿದ್ದಾಗ ಕೂಗಿದನೋ ಏನೋ, ನಾನು ನನ್ನ ಅಟ್ಟೆಯ ಚಿಂತೆಯಲ್ಲಿ ಮನೆಗೆ ಹೋದೆ. ಅವನ ಬೂಟೂ ಇವತ್ತೇ ಹರಿದಿದೆ. ಈಗಿನ ಬೂಟುಗಳೇ ಹೀಗೆ. ಗುಮಾಸ್ತರ ಕಣ್ಣು ಒದ್ದೆಯಾಯಿತು.

ಇನ್‌ಸ್ಪೆಕ್ಟರ್ ಚಹರೆ ಬರೆದುಕೊಳ್ಳುತ್ತಿದ್ದರು. "ಹೆಸರು?"

ಗಾರ್ಡ್ ಸಾಹೇಬರು ಬೇಕರಿಯವರನ್ನು ನೋಡಿದರು. ಬೇಕರಿಯವರು ಮೇಷ್ಟ್ರುಗಳನ್ನು ನೋಡಿದರು. ಹೆಸರು, ಮನೆ, ಫೋನು, ಎಲ್ಲ ಇನ್ನೊಬ್ಬರಿಗೆ ಗೊತ್ತಿದೆಯೆಂದು ಪ್ರತಿಯೊಬ್ಬರೂ ಮೂರು ವರ್ಷ ನಿಶ್ಚಿಂತರಾಗಿದ್ದರು.

"ಹೆಸರಿಲ್ಲ" ಎಂದು ಬರೆದುಕೊಂಡರು ಇನ್‌ಸ್ಪೆಕ್ಟರ್. "ಎತ್ತರ?"

"ಆರಡಿ ಖಂಡಿತ" ಎಂದರು ಮೇಡಂ. "ಹೆಜ್ಜೆ ಸದ್ದು ಅಷ್ಟು ಗಟ್ಟಿಯಾಗಿತ್ತು."

"ಛೆ, ಸಣಕಲು ಮನುಷ್ಯ. ಉಸಿರೇ ಕೇಳ್ತಿರಲಿಲ್ಲ" ಎಂದರು ಒಬ್ಬ ಮೇಷ್ಟ್ರು.

"ಮೀಸೆ ಇತ್ತು" ಎಂದರು ಎರಡನೆಯ ಮೇಷ್ಟ್ರು. ಮೊದಲನೆಯವರು ಏನೇ ಹೇಳಲಿ, ಅದಕ್ಕೊಂದು ಸೇರಿಸುವುದು ಅವರ ಪದ್ಧತಿ.

"ಯಾರಾದ್ರೂ ಮುಖ ನೋಡಿದೀರೇನ್ರೀ?"

ಬೇಕರಿಯವರು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹೇಳಿದರು: "ಮುಖ ನೋಡಿಲ್ಲ ಸಾರ್. ಆದ್ರೆ ಅವರು ಹಿಂದೆ ಇದಾರೆ ಅನ್ನೋ ಧೈರ್ಯದ ಮೇಲೇ ನಾನು ಓಡ್ತಿದ್ದೆ. ಎಷ್ಟು ಸಲ ನಿಂತುಬಿಡೋಣ ಅನ್ಸಿದೆ. ಹಿಂದಿಂದ ಟಪ್ ಸರ್ರ್ ಅಂತ ಕೇಳೋದು. ಸರಿ, ಅವರೇ ಬರ್ತಿದಾರೆ, ನಂಗೇನು ರೋಗ ಅಂತ ಮುಂದೆ ಹೋಗ್ತಿದ್ದೆ." ಅಷ್ಟು ಹೇಳಿ ಅವರು ಮುಖ ಮುಚ್ಚಿಕೊಂಡರು.

ಹಿಂದೆ ನಿಂತಿದ್ದ ಗುಮಾಸ್ತರಿಗೆ ಹೊಟ್ಟೆಕಿಚ್ಚಾಯಿತು. ಎಂಥ ಪುಣ್ಯವಂತ! ತನ್ನ ಬಗ್ಗೆ ಯಾರಾದರೂ ಹೀಗೆ ಅಳುತ್ತಾರೆಯೇ?

ನೀರಿನಲ್ಲಿ ಏನೂ ಸಿಗದೆ ಇನ್‌ಸ್ಪೆಕ್ಟರ್‌ಗೆ ಬೇರೆ ಉಪಾಯ ಹೊಳೆಯಿತು. "ಮನುಷ್ಯ ಸಿಗದಿದ್ರೆ ಹೋಗ್ಲಿ, ಮನೆ ಹುಡುಕೋಣ. ಕೀ ಇದೆಯಲ್ಲ. ನಡ್ಕೊಂಡು ಬರೋರು ಅಂದ್ರೆ ಮನೆ ಇಲ್ಲೇ ನಾಲ್ಕು ಬೀದೀಲಿ ಇರ್ಬೇಕು."

ಹೀಗೆ ಕೊಡೆ ಹಿಡಿದ ಮೆರವಣಿಗೆ ಹೊರಟಿತು. ಮುಂದೆ ಇನ್‌ಸ್ಪೆಕ್ಟರ್, ಹಿಂದೆ ಒದ್ದೆ ಚಡ್ಡಿಯ ಆರು ಜನ, ಅವರ ಹಿಂದೆ ಊರು, ಕೊನೆಯಲ್ಲಿ ಗುಮಾಸ್ತರು. ಗುಂಪು ಕಂಡರೆ ಹಾಜರಿ ತೆಗೆಯದೆ ಅವರ ಕೈ ನಿಲ್ಲುವುದಿಲ್ಲ. ಊಟದ ಡಬ್ಬಿಯ ಮೇಲೆ ಕಾಗದ ಇಟ್ಟು ಗೀಟು ಹಾಕಿಕೊಳ್ಳುತ್ತಲೇ ನಡೆದರು. ಹುಡುಕಲು ಬಂದವರು ನಲವತ್ತಮೂರು. ಎಲ್ಲರೂ ಹಾಜರು.

ಒಂದು ಮನೆಯ ಅಜ್ಜಿ ತನ್ನ ಬೀಗಕ್ಕೆ ಕೈ ಹಾಕಿದ್ದಕ್ಕೆ ಇನ್‌ಸ್ಪೆಕ್ಟರರ ಮೇಲೆ ಒಂದು ಚೊಂಬು ನೀರು ಎರಚಿದಳು. ಇನ್ನೊಂದು ಮನೆಯಲ್ಲಿ ಒಳಗಿದ್ದವನು ಪೊಲೀಸ್ ಟೋಪಿ ಕಂಡದ್ದೇ, ಕೇಳದೆಯೇ, "ಆ ಸೈಕಲ್ಲು ನಾನು ತಗೊಂಡಿಲ್ಲ" ಎಂದ. ಅವನ ಹೆಸರನ್ನು ಬೇರೆ ಕಾಗದದಲ್ಲಿ ಬರೆದುಕೊಂಡರು. ಹೆಂಗಸರು ಕಿಟಕಿಯಲ್ಲಿ ನಿಂತು, ಸತ್ತವನಿಗೆ ಮೂರು ಮಕ್ಕಳಂತೆ, ಕೊನೆಯದು ಕೈಕೂಸಂತೆ ಎಂದು ಮರುಗಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು.

ಮೂರನೆಯ ಬೀದಿಯ ತಿರುವಿನಲ್ಲಿ ಇನ್‌ಸ್ಪೆಕ್ಟರ್ ಬೀಗದ ಕೈಯನ್ನು ಎತ್ತಿ ಹಿಡಿದರು. ಅದರ ಕೊರಳಿಗೆ ನೀಲಿ ದಾರ. ಅಯ್ಯೋ, ಅವನ ಹೆಂಡತಿಯೂ ನೀಲಿ ದಾರವನ್ನೇ ಕಟ್ಟಿದ್ದಾಳೆ ಎಂದುಕೊಂಡರು ಗುಮಾಸ್ತರು. ಯಾಕೋ ತಮ್ಮ ಜೇಬು ಮುಟ್ಟಿ ನೋಡಿಕೊಂಡರು. ಜೇಬು ಖಾಲಿ. ಇನ್ನೊಂದು ಜೇಬೂ ಖಾಲಿ.

ಕಾಗದದ ಮೇಲಿನ ನಲವತ್ತಮೂರು ಗೀಟು ಅಲುಗಾಡಿದಂತಾದವು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರೆಂಬ ಗಾದೆಯಿದೆ. ಇಲ್ಲಿ ಕೂಸೇ ಜೊತೆಗೆ ಬಂದು ಹುಡುಕಿತ್ತು.

ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಎಂದು ಅವರು ಬಾಯಿ ತೆರೆದರು. ಅಷ್ಟರಲ್ಲಿ ಬೀಗದ ಕೈ ಅವರ ಮನೆಯ ಬಾಗಿಲಲ್ಲಿ ಕಟ್ ಎಂದು ತಿರುಗಿಯೇಬಿಟ್ಟಿತು. ನಲವತ್ತಮೂರು ಜನ ಉಸಿರು ಬಿಗಿಹಿಡಿದರು. ಒಳಗಿನಿಂದ ಹೆಂಡತಿ ಬಂದಳು, ಅವಳ ಹಿಂದೆ ಬಾಮೈದ.

"ಅಮ್ಮಾ, ಧೈರ್ಯ ತಗೋಬೇಕು" ಎಂದು ಇನ್‌ಸ್ಪೆಕ್ಟರ್ ಟೋಪಿ ತೆಗೆದರು. "ನಿಮ್ಮ ಮನೆಯವರು ಪಾರ್ಕಲ್ಲಿ ಓಡೋಕೆ ಹೋಗ್ತಿದ್ರಾ?"

"ಹೋಗ್ತಾರೆ."

"ಎಲ್ಲರ ಹಿಂದೆ ಓಡ್ತಿದ್ದವರು ಇವತ್ತು ಬೆಳಿಗ್ಗೆಯಿಂದ ಕಾಣಿಸ್ತಿಲ್ಲ."

ಹೆಂಡತಿ ಆ ನೀಲಿ ದಾರವನ್ನು ನೋಡಿದಳು. ತಲೆಯೆತ್ತಿ, ಇನ್‌ಸ್ಪೆಕ್ಟರರನ್ನೂ ಆರು ಜನರನ್ನೂ ಕೊಡೆಗಳನ್ನೂ ದಾಟಿ, ಎಲ್ಲರ ಹಿಂದೆ ನಿಂತಿದ್ದ ಗಂಡನ ಮುಖ ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ ಬಾಮೈದ ಮುನ್ನುಗ್ಗಿದ.

"ಹಿಂದೆ ಓಡೋರಾ? ಏನ್ ಸಾರ್ ನೀವು! ನಮ್ಮ ಭಾವ ಎಲ್ಲರಿಗಿಂತ ಮುಂದೆ ಓಡೋರು! ಅಗೋ, ಅಲ್ಲೇ ನಿಂತಿದಾರಲ್ಲ, ಕೇಳಿ ಬೇಕಾದ್ರೆ!"

ನಲವತ್ತಮೂರು ತಲೆ ಒಮ್ಮೆಲೇ ತಿರುಗಿದವು. ಮೂರು ವರ್ಷದಲ್ಲಿ ಮೊದಲ ಸಲ ಆ ಆರು ಜನ ಗುಮಾಸ್ತರ ಮುಖ ಕಂಡರು. ಇಸ್ತ್ರಿ ಅಂಗಿ, ಕನ್ನಡಕ, ಊಟದ ಡಬ್ಬಿ. ಯಾರ ಕಣ್ಣಲ್ಲೂ ಗುರುತಿಲ್ಲ.

"ಮುಂದೆ ಓಡೋನು ನಾನಲ್ವೇನ್ರೀ?" ಎಂದರು ಗಾರ್ಡ್ ಸಾಹೇಬರು, ಇಂಥ ದುಃಖದಲ್ಲೂ ಬಿಡದೆ.

"ಬೇರೆ ಗುಂಪಿರಬೇಕು ಸಾಹೇಬ್ರೇ" ಎಂದು ಸಮಾಧಾನ ಮಾಡಿದರು ಇನ್‌ಸ್ಪೆಕ್ಟರ್. ಆಮೇಲೆ ಗುಮಾಸ್ತರಿಗೆ, "ನೀವು ಓಡೋದು ಮುಂದೇನಾ, ಹಿಂದೇನಾ? ನೆಟ್ಟಗೆ ಹೇಳಿ. ನಿಮ್ಮ ಮನೆ ಕೀ ಎಲ್ಲಿದೆ?"

ಬಿಸಿ ತುಪ್ಪ ಬಾಯಲ್ಲಿದ್ದಂತಾಯಿತು. ಹಿಂದೆ ಎಂದರೆ ಗುಂಪಿನಲ್ಲಿ ಬದುಕುತ್ತಾರೆ, ಮನೆಯಲ್ಲಿ ಸಾಯುತ್ತಾರೆ. ಮುಂದೆ ಎಂದರೆ ಮನೆಯಲ್ಲಿ ಬದುಕುತ್ತಾರೆ, ಗುಂಪಿನಲ್ಲಿ ಸಾಯುತ್ತಾರೆ. ಬೇಕರಿಯವರ ಕೆಂಪಾದ ಕಣ್ಣು ಒಂದು ಕಡೆ, ಬಾಮೈದನ ಅಗಲವಾದ ನಗು ಇನ್ನೊಂದು ಕಡೆ. ಗುಮಾಸ್ತರು ಹೆಂಡತಿಯ ಮುಖ ನೋಡಿದರು. ಅವಳೂ ಇವರನ್ನೇ ನೋಡುತ್ತಿದ್ದಳು.

"ಮುಂದೆ" ಎಂದರು. "ಕೀ ಕಾರ್ಖಾನೇಲಿ ಮರ್ತು ಬಂದೆ."

"ಈ ಅಗ್ಗದ ಬೀಗಗಳ ಹಣೆಬರಹ ಇಷ್ಟೇ, ಒಂದು ಕೀಗೆ ಹತ್ತು ಮನೆ ತೆಗೆಯತ್ತೆ" ಎಂದು ಲೈನ್‌ಮನ್ ತೀರ್ಪು ಕೊಟ್ಟರು. ಬೀಗ ಬದಲಾಯಿಸಲು ಬುದ್ಧಿ ಹೇಳಿ ಮೆರವಣಿಗೆ ಪಕ್ಕದ ಮನೆಗೆ ಹೋಯಿತು.

ಗುಮಾಸ್ತರು ಅಂದು ಕಾರ್ಖಾನೆ ಮುಟ್ಟುವಾಗ ಮಧ್ಯಾಹ್ನ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ತಡವಾಗಿದ್ದರು. ಯಾರೂ ಕೇಳಲಿಲ್ಲ. ಪುಸ್ತಕದಲ್ಲಿ ಗೀಟು ಹಾಕುವವರಿಲ್ಲದೆ ಆರುನೂರು ಜನ ಒಳಗೆ ಹೋಗಿದ್ದರು. ದಾಖಲೆಯ ಪ್ರಕಾರ ಅಂದು ಕಾರ್ಖಾನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ಆದರೂ ನೂಲು ತಯಾರಾಗಿತ್ತು.

ಎರಡು ದಿನ ಕೊಳ ಕಲಕಿ ಅಗ್ನಿಶಾಮಕದವರು ಕೈಚೆಲ್ಲಿದರು. ಪಾರ್ಕಿನ ಗೇಟಿಗೆ ನೋಟೀಸು ಬಿತ್ತು: ಕಾಣೆಯಾಗಿದ್ದಾರೆ, ಎತ್ತರ ಆರಡಿ, ಸಣಕಲು ಮೈಕಟ್ಟು, ಮೀಸೆ ಇದೆ. ಗುಮಾಸ್ತರು ದಿನವೂ ಅದರ ಮುಂದೆ ನಿಂತು ಓದಿ ಹೋಗುತ್ತಿದ್ದರು. ಬೆಳಿಗ್ಗೆ ಎಚ್ಚರವಾಗುತ್ತಿತ್ತು, ಏಳುತ್ತಿರಲಿಲ್ಲ. ಬೇಕರಿಯ ಮುಂದೆ ಹಾದರೆ ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ಬೇಕರಿಯವರು ಓಡಲು ಹೋಗುತ್ತಾರೆ, ಆದರೆ ಅರ್ಧ ಸುತ್ತಿಗೇ ನಿಂತುಬಿಡುತ್ತಾರೆ, ಹಿಂದೆ ಯಾರೂ ಇಲ್ಲ ಅಂತಾರೆ ಎಂದು ಅಂದಿನ ಕೊಡೆಯವರು ಹೇಳಿದರು. ಒಬ್ಬರು ನಿಂತರೆ ಎಲ್ಲರೂ ನಿಂತುಬಿಡುವುದಂತೆ.

ನಾಲ್ಕನೆಯ ದಿನ ಬಾಮೈದ ಊರಿಗೆ ಹೋದ. ಸಂಜೆ ಗುಮಾಸ್ತರು ಮೂಲೆಯಲ್ಲಿ ಮುದುರಿ ಕೂತಿದ್ದಾಗ ಹೆಂಡತಿ ಆ ಹರಿದ ಬೂಟನ್ನು ತಂದು ಮುಂದಿಟ್ಟಳು. ಹೋದ ಅಟ್ಟೆಯ ಜಾಗಕ್ಕೆ ಹಳೆಯ ಟೈರಿನ ತುಂಡಿಟ್ಟು, ದಪ್ಪ ನೀಲಿ ದಾರದಲ್ಲಿ ಹೊಲಿದಿದ್ದಳು. ಹೊಲಿಗೆ ಸೊಟ್ಟಂಪಟ್ಟ.

"ನಾಳೆ ಹೋಗಿ" ಎಂದಳು.

"ಎಲ್ಲಿಗೆ?"

"ಹಿಂದೆ ಓಡೋಕೆ."

ಗುಮಾಸ್ತರು ತಲೆಯೆತ್ತಿದರು. "ನಿಂಗೆ... ಯಾವಾಗ ಗೊತ್ತಾಯ್ತು?"

"ಮೂರು ವರ್ಷದಿಂದ ನಿಮ್ಮ ಬನಿಯನ್ ಒಗೀತಿರೋಳು ಯಾರು? ಮುಂದೆ ಓಡೋರಿಗೆ ಎದೆ ಮೇಲೆ ಕೆಸರು ಹಾರತ್ತೇನ್ರೀ? ಮಳೆಗಾಲದಲ್ಲಿ ಆರು ಜನರ ಕಾಲಿನ ಕೆಸರನ್ನ ಉಜ್ಜಿ ಉಜ್ಜಿ ನನ್ನ ಕೈ ಸವೆದಿದೆ."

"ಮತ್ತೆ ಅವತ್ತು ಪೊಲೀಸಿನವರ ಮುಂದೆ ಸುಮ್ಮನಿದ್ದೆಯಲ್ಲ?"

"ನನ್ನ ತಮ್ಮ ಪಕ್ಕದಲ್ಲೇ ನಿಂತಿದ್ದ" ಎಂದಳು ಅವಳು. "ನೀವೇ ಹೇಳ್ತೀರಿ ಅಂತಾನೂ ಕಾದೆ" ಎಂದು ಒಳಗೆ ಹೋದಳು. ಗುಮಾಸ್ತರು ಬೂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು. ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಅಳು ಬಂದಿತ್ತು.

ಮರುದಿನ ಬೆಳಿಗ್ಗೆ ಮಂಜು ಕೈಗೆ ಸಿಗುವಷ್ಟು ದಟ್ಟವಾಗಿತ್ತು. ಆರು ಬೆನ್ನು ಸಾವಿನ ಮನೆಯಿಂದ ಹೊರಟಂತೆ ನಿಧಾನವಾಗಿ ಹೋಗುತ್ತಿದ್ದವು. ಗುಮಾಸ್ತರು ಮಂಕಿ ಟೋಪಿ ಎಳೆದುಕೊಂಡು ಹಿಂದಿನ ಗೇಟಿನಿಂದ ಒಳಬಂದು, ಒಂದು ಎತ್ತಿನ ಗಾಡಿಯ ಅಂತರ ಬಿಟ್ಟು, ಓಡತೊಡಗಿದರು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದರು: ತಪ್ಪಾಯಿತು, ಬೂಟು ಹರಿದಿತ್ತು, ಆವತ್ತು ಬಾಗಿಲಲ್ಲಿ ನಿಂತವನು ನಾನೇ. ಒಂದಕ್ಷರವೂ ಹೊರಬರಲಿಲ್ಲ. ಕಾಲು ಮಾತ್ರ ತನ್ನ ಪಾಡಿಗೆ ಟಪ್ ಎಂದಿತು. ಸರ್ರ್ ಎಂದಿತು.

ಬೇಕರಿಯವರ ಹೆಜ್ಜೆ ತಪ್ಪಿತು. ಲೈನ್‌ಮನ್ ತಲೆ ಕೊಂಚ ವಾಲಿಸಿದರು. ಮೇಷ್ಟ್ರುಗಳಲ್ಲಿ ಒಬ್ಬರು ತಿರುಗಲು ಹೋದರು.

"ಯಾರೂ ತಿರುಗಬೇಡಿ!" ಎಂದು ಮುಂದಿನಿಂದ ಗಾರ್ಡ್ ಸಾಹೇಬರ ದನಿ ಬಂತು. ಮೂರು ವರ್ಷದಲ್ಲಿ ಮೊದಲ ಸಲ ಅವರು ಓಡುವಾಗ ಮಾತಾಡಿದ್ದರು. "ಓಡಿ. ಸುಮ್ನೆ ಓಡಿ."

ಟಪ್, ಸರ್ರ್. ಟಪ್, ಸರ್ರ್. ಕೊಳದ ತಿರುವು ದಾಟಿದ ಮೇಲೆ ಸಾಹೇಬರು ಮುಂದೆ ನೋಡುತ್ತಲೇ ಕೇಳಿದರು:

"ಬಂದ್ರಾ?"

ಆರುನೂರು ಜನರ ಹಾಜರಿ ದಿನವೂ ಹಾಕಿದ್ದ ಗುಮಾಸ್ತರಿಗೆ, ತಮ್ಮ ಹಾಜರಿ ಕೇಳಿದಾಗ ಏನನ್ನಬೇಕೆಂಬ ಅಭ್ಯಾಸವಿರಲಿಲ್ಲ.

"ಬಂದೆ" ಎಂದರು.

ಬೇಕರಿಯವರು ಓಡುತ್ತಲೇ ಗಟ್ಟಿಯಾಗಿ ಅಳತೊಡಗಿದರು. ಮುಂದೆ ಮೇಡಂ ಮೂಗು ಒರೆಸಿಕೊಂಡರು. "ಗಾಡಿ ಪೂರ್ತಿ ಬಂತು" ಎಂದರು ಸಾಹೇಬರು, ಯಾರಿಗೋ ವರದಿ ಒಪ್ಪಿಸುವಂತೆ, ಮತ್ತೆ ಮಾತಾಡಲಿಲ್ಲ.

ಬೀಗದ ಕೈ ಈಗಲೂ ಪೊಲೀಸ್ ಠಾಣೆಯ ಬೀರುವಿನಲ್ಲಿದೆ. ಅದನ್ನು ಕೇಳಲು ಗುಮಾಸ್ತರಿಗೆ ಮುಖವಿಲ್ಲ. ಹೆಂಡತಿಯ ಬೀಗದ ಕೈಯನ್ನೇ ಏಳನೆಯ ಮೊಳೆಗೆ ಹಾಕುತ್ತಾರೆ. ಗೇಟಿನ ಮೇಲಿನ ನೋಟೀಸನ್ನು ಯಾರೂ ಕಿತ್ತಿಲ್ಲ, ಮಳೆಗೆ ಆರಡಿ ಅಳಿಸಿ ಮೀಸೆಯಷ್ಟೇ ಉಳಿದಿದೆ. ಆ ಆರು ಜನರಲ್ಲಿ ಒಬ್ಬರೂ ಇದುವರೆಗೆ ತಿರುಗಿ ನೋಡಿಲ್ಲ. ಗುಮಾಸ್ತರು ಮಾತ್ರ, ಸಾಹೇಬರ ಕಾನೂನು ಮುರಿದು, ದಿನವೂ ಕೊಳದ ತಿರುವಿನಲ್ಲಿ ಒಂದು ಸಲ ಹಿಂತಿರುಗಿ ಮಂಜಿನೊಳಗೆ ನೋಡುತ್ತಾರೆ, ಅಲ್ಲಿ ಯಾರಾದರೂ ಬರುತ್ತಿದ್ದಾರೆಯೇ ಎಂದು.